ಮಳೆಗಾಲದ ಫ್ಲೂಗೆ ಬೇಸಿಗೆಯಲ್ಲೇ ತಯಾರಿ ಬೇಕು

2025ರ ಕೊನೆಯಲ್ಲಿ ‘ಸೂಪರ್ ಫ್ಲೂ’ ಎಂಬ ಹೆಸರು ಟಿವಿಯಲ್ಲೂ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡಿತು. ಹೆಸರು ಅತಿಯಾಯಿತಾದರೂ ಸುದ್ದಿಗೆ ಆಧಾರವಿತ್ತು. ಜಪಾನ್ ಅಕ್ಟೋಬರ್ ಆರಂಭದಲ್ಲೇ, ವಾಡಿಕೆಗಿಂತ ವಾರಗಟ್ಟಲೆ ಮೊದಲು, ಫ್ಲೂ ಹಾವಳಿ ಶುರುವಾಗಿದೆ ಎಂದು ಘೋಷಿಸಿತ್ತು. ಬ್ರಿಟನ್ನಿನ ಆಸ್ಪತ್ರೆಗಳು ಕ್ರಿಸ್‌ಮಸ್‌ಗೆ ಮುಂಚೆಯೇ ತುಂಬತೊಡಗಿದ್ದವು. ಎಚ್3ಎನ್2 ಎಂಬ ಫ್ಲೂ ವೈರಸ್ಸಿನಲ್ಲಿ ಹೊಸದಾಗಿ ಒಡೆದ ‘ಕೆ’ ಎಂಬ ಕವಲು ಇದರ ಹಿಂದಿತ್ತು. ಅದಕ್ಕೂ ಹಿಂದಿನ ಚಳಿಗಾಲದಲ್ಲಿ ಅಮೆರಿಕ 2017-18ರ ನಂತರದ ಅತಿ ತೀವ್ರ ಹಂಗಾಮನ್ನು ಕಂಡು ಸುಮಾರು 280 ಮಕ್ಕಳನ್ನು ಕಳೆದುಕೊಂಡಿತ್ತು.

ಇಂಥ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ. ನಾಲ್ಕು ದಿನ ಗಾಬರಿ, ಒಂದು ಪರಿಶೀಲನಾ ಸಭೆ, ಒಂದು ಸುತ್ತೋಲೆ. ವಿಚಿತ್ರವೆಂದರೆ, ಡಿಸೆಂಬರ್‌ನ ಆ ಗಾಬರಿಯ ಹೊತ್ತಿಗೆ ಕರ್ನಾಟಕದ ಮುಖ್ಯ ಫ್ಲೂ ಹಂಗಾಮು ಮುಗಿದು ತಿಂಗಳುಗಳೇ ಆಗಿರುತ್ತವೆ.

ಕಾರಣ ಸರಳ. ಫ್ಲೂ ಚಳಿಗಾಲದ ಕಾಯಿಲೆ ಎಂಬುದು ಹಿಮ ಬೀಳುವ ದೇಶಗಳ ಅನುಭವ. ಭಾರತದಲ್ಲಿ ಅದು ವರ್ಷಕ್ಕೆ ಎರಡು ಬಾರಿ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ. ಶ್ರೀನಗರದಂಥ ಊರುಗಳಲ್ಲಿ ಚಳಿಗಾಲದ್ದೇ ಕಾರುಬಾರು. ನಮ್ಮ ಕಡೆ ಮುಂಗಾರು ಹಿಡಿದ ಮೇಲೆ, ಜುಲೈಯಿಂದ ಸೆಪ್ಟೆಂಬರ್‌ವರೆಗೆ, ಅದರ ಅಬ್ಬರ. ಮಕ್ಕಳು ಶಾಲೆಗೆ ಮರಳಿರುತ್ತಾರೆ, ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿರುತ್ತವೆ, ಒದ್ದೆ ಬಟ್ಟೆಯ ವಾಸನೆಯ ತರಗತಿಯಲ್ಲಿ ಒಬ್ಬ ಕೆಮ್ಮಿದರೆ ಸಾಕು. ಇದು ಡೆಂಗಿಯ ಕಾಲವೂ ಹೌದು. ಆಷಾಢದಲ್ಲಿ ಜ್ವರ ಎಂದು ಕ್ಲಿನಿಕ್ಕಿಗೆ ಹೋದವರಿಗೆ ಮೊದಲು ಬರೆದುಕೊಡುವುದು ಡೆಂಗಿ ಪರೀಕ್ಷೆ. ಅದು ನೆಗೆಟಿವ್ ಬಂದರೆ, ಪ್ಲೇಟ್‌ಲೆಟ್ ಎಣಿಕೆ ಸರಿಯಿದ್ದರೆ, ‘ಏನಿಲ್ಲ, ವೈರಲ್’ ಎಂಬ ತೀರ್ಪು. ಆ ‘ವೈರಲ್’ನಲ್ಲಿ ಎಷ್ಟು ಪಾಲು ಫ್ಲೂ ಎಂದು ಯಾರೂ ಲೆಕ್ಕ ಇಡುವುದಿಲ್ಲ.

ಲೆಕ್ಕದ ವಿಷಯ ಬಂದಾಗ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಹಂದಿಜ್ವರ ಎಂದು ನಾವೆಲ್ಲ ಕರೆದ ಎಚ್1ಎನ್1ನಿಂದ 2015ರಲ್ಲಿ ದೇಶದಲ್ಲಿ 2,990 ಮಂದಿ ಸತ್ತರೆಂದು ಸರ್ಕಾರಿ ದಾಖಲೆ ಹೇಳುತ್ತದೆ. 2017ರಲ್ಲಿ 2,270, 2019ರಲ್ಲಿ 1,218. ಇವು ಗಂಟಲ ದ್ರವದ ಪರೀಕ್ಷೆಯಲ್ಲಿ ಖಚಿತವಾದ ಸಾವುಗಳು ಮಾತ್ರ. ಆದರೆ 2010ರಿಂದ 2013ರವರೆಗಿನ ಸಾವಿನ ದಾಖಲೆಗಳನ್ನೂ ವೈರಸ್ ನಿಗಾ ಅಂಕಿಗಳನ್ನೂ ಹೊಂದಿಸಿ ನಮ್ಮ ದೇಶದ ಸಂಶೋಧಕರೇ ಹಾಕಿದ ಅಂದಾಜಿನ ಪ್ರಕಾರ, ಫ್ಲೂ ಜೊತೆ ತಳಕು ಹಾಕಿಕೊಂಡ ಶ್ವಾಸಕೋಶ ಮತ್ತು ಹೃದಯ, ರಕ್ತನಾಳ ಸಂಬಂಧಿ ಸಾವುಗಳು ವರ್ಷಕ್ಕೆ ಸರಾಸರಿ 1.27 ಲಕ್ಷ. ಅಂದಾಜಿನಲ್ಲಿ ಹೆಚ್ಚುಕಡಿಮೆ ಇರಬಹುದು, ಅರ್ಧಕ್ಕೆ ಇಳಿಸಿಯೇ ನೋಡಿ. ಆಗಲೂ ದಾಖಲೆಗೆ ಬಂದದ್ದರ ಇಪ್ಪತ್ತು ಪಟ್ಟಿಗೂ ಹೆಚ್ಚು.

ಉಳಿದ ಸಾವುಗಳು ಎಲ್ಲಿ ಹೋದವು? ಬೇರೆ ಹೆಸರಿನಲ್ಲಿ ಬರೆಸಿಕೊಂಡವು. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯ ಹಿರಿಯರು ಒಂದು ವಾರ ಕೆಮ್ಮಿ, ಆಮೇಲೆ ಉಸಿರು ಕಟ್ಟಿ ತೀರಿಕೊಂಡರೆ ಪತ್ರದಲ್ಲಿ ಬರೆಯುವುದು ನ್ಯುಮೋನಿಯಾ ಎಂದು, ಇಲ್ಲವೇ ಹೃದಯ ಸ್ತಂಭನ ಎಂದು. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಅಪಾಯ ಸುಮಾರು ಆರು ಪಟ್ಟು ಏರುತ್ತದೆ ಎಂದು ತೋರಿಸಿತು. 2025ರ ಜುಲೈಯಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಕೇಳಿ ಜನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ ಸಾಲುಗಟ್ಟಿದರು. ಹಾಸನದ ಸಾವುಗಳಿಗೆ ಫ್ಲೂ ಕಾರಣ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಆದರೆ ಹೃದಯದ ಬಗ್ಗೆ ಅಷ್ಟೊಂದು ದಿಗಿಲುಬಿದ್ದ ರಾಜ್ಯದಲ್ಲಿ, ಹೃದ್ರೋಗಿಗಳು ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕು ಎಂಬ ಮಾತು ಆ ಸಾಲಿನಲ್ಲಿ ನಿಂತವರ ಕಿವಿಗೆ ಬೀಳಲೇ ಇಲ್ಲ ಎನ್ನುವುದು ಸೋಜಿಗ. ಅದೇ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಹಿರಿಯರೊಬ್ಬರು 2023ರ ಮಾರ್ಚ್ ಒಂದರಂದು ಎಚ್3ಎನ್2ನಿಂದ ತೀರಿಕೊಂಡಿದ್ದು ಆಗ ರಾಷ್ಟ್ರೀಯ ಸುದ್ದಿಯಾಗಿತ್ತು. ಅವರಿಗೆ ಬಿಪಿಯೂ ಇತ್ತು, ಸಕ್ಕರೆ ಕಾಯಿಲೆಯೂ ಇತ್ತು.

ಲಸಿಕೆಯ ವಿಷಯಕ್ಕೆ ಬರೋಣ, ಏಕೆಂದರೆ ನಮ್ಮ ಗೊಂದಲದ ಬೇರು ಅಲ್ಲೇ ಇದೆ. ಫ್ಲೂ ವೈರಸ್ ವರ್ಷವರ್ಷ ವೇಷ ಬದಲಿಸುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಸಲ ಲಸಿಕೆಯ ಪಾಕ, ಅಂದರೆ ಅದರಲ್ಲಿ ಯಾವ ಯಾವ ತಳಿಯ ವೈರಸ್ ಸೇರಬೇಕು ಎಂಬುದನ್ನು, ಹೇಳುತ್ತದೆ. ಫೆಬ್ರುವರಿಯಲ್ಲಿ ಉತ್ತರ ಗೋಳಾರ್ಧದ ಮುಂದಿನ ಚಳಿಗಾಲಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧದ ಮುಂದಿನ ಚಳಿಗಾಲಕ್ಕೆ. ಭೂಪಟದಲ್ಲಿ ಭಾರತ ಉತ್ತರಾರ್ಧದ್ದೇ. ಆದರೆ ಉತ್ತರದ ಲಸಿಕೆ ಸಾಮಾನ್ಯವಾಗಿ ನಮ್ಮ ಮಾರುಕಟ್ಟೆಗೆ ಬರುವ ಹೊತ್ತಿಗೆ ಮಳೆಗಾಲ ಅರ್ಧಕ್ಕರ್ಧ ಕಳೆದಿರುತ್ತದೆ. ಮುಂಗಾರಿನ ಫ್ಲೂಗೆ ಹೊಂದುವುದು ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಿಗೆಂದು ತಯಾರಾಗುವ ದಕ್ಷಿಣ ಗೋಳದ ಲಸಿಕೆ. ದೇಶದ ನಾನಾ ಕೇಂದ್ರಗಳ ನಿಗಾ ಅಂಕಿಗಳನ್ನು ಪರಿಶೀಲಿಸಿದ ತಜ್ಞರು 2015ರಲ್ಲೇ, ಭಾರತದ ಬಹುಭಾಗಕ್ಕೆ ಏಪ್ರಿಲ್-ಮೇ ತಿಂಗಳೇ ಲಸಿಕೆಗೆ ಸೂಕ್ತ ಕಾಲ ಎಂದು ಬರೆದರು. ಲಸಿಕೆ ಹಾಕಿಸಿಕೊಂಡ ಮೇಲೆ ರಕ್ಷಣೆ ಮೂಡಲು ಸುಮಾರು ಎರಡು ವಾರ ಹಿಡಿಯುತ್ತದೆ. ಮಳೆ ಬರುವ ಮುಂಚೆ ಗದ್ದೆ ಹದ ಮಾಡಿಟ್ಟುಕೊಳ್ಳುವ ಲೆಕ್ಕಾಚಾರವೇ ಇಲ್ಲೂ ನಡೆಯಬೇಕು.

ದುಡ್ಡು ಕೊಟ್ಟು ಹಾಕಿಸಿಕೊಳ್ಳುವವರು ಡಬ್ಬಿಯ ಮೇಲಿನ ಅಕ್ಷರ ಓದಬೇಕು. ಎಸ್‌ಎಚ್ ಎಂದು ಮುಂದೆ ಒಂದೇ ಇಸವಿ ಇದ್ದರೆ ಅದು ದಕ್ಷಿಣದ್ದು. ಎನ್‌ಎಚ್ ಎಂದು 2025-26 ಎಂಬಂತೆ ಜೋಡಿ ಇಸವಿ ಇದ್ದರೆ ಉತ್ತರದ್ದು. ಮೇ ತಿಂಗಳಲ್ಲಿ ಹೋದವರಿಗೆ ಅಂಗಡಿಯಾತ ಫ್ರಿಜ್‌ನಲ್ಲಿ ಉಳಿದ ಹಿಂದಿನ ಹಂಗಾಮಿನ ಸರಕನ್ನೇ ಕೊಟ್ಟುಬಿಡಬಹುದು. ಅವಧಿ ಮುಗಿದಿರಲಾರದು, ಆದರೆ ಪಾಕ ಹಳೆಯದು. ಬೆಲೆ ಒಂದೂವರೆ, ಎರಡು ಸಾವಿರದ ಆಸುಪಾಸು. ನಾಲ್ಕು ಜನರ ಮನೆಗೆ ಪ್ರತಿ ವರ್ಷ ಇದನ್ನು ಹೊಂದಿಸು ಎಂದು ಕೂಲಿ ಮಾಡುವವರಿಗೆ ಹೇಳಲು ಯಾರಿಗೂ ಬಾಯಿ ಬರಲಾರದು. ಸರ್ಕಾರದ ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿ ಫ್ಲೂ ಲಸಿಕೆ ಇಲ್ಲ.

ಎಲ್ಲರಿಗೂ ಕೊಡಿ ಎಂದು ಕೇಳುವುದು ವಾಸ್ತವವೂ ಅಲ್ಲ, ಅಗತ್ಯವೂ ಅಲ್ಲ. ಲಸಿಕೆಗೂ ಹರಡುವ ವೈರಸ್ಸಿಗೂ ಹೊಂದಾಣಿಕೆ ಚೆನ್ನಾಗಿದ್ದ ವರ್ಷದಲ್ಲೂ ಈ ಲಸಿಕೆ ನೂರಕ್ಕೆ ನಲವತ್ತರಿಂದ ಅರವತ್ತರಷ್ಟು ಮಾತ್ರ ಕೆಲಸ ಮಾಡುತ್ತದೆ. ‘ಕೆ’ ಕವಲಿನಂತೆ, ಪಾಕ ನಿಗದಿಯಾದ ಮೇಲೆ ವೈರಸ್ ಬದಲಾದರೆ ಇನ್ನೂ ಕಡಿಮೆ. ಆದರೂ ಬ್ರಿಟನ್ನಿನ ಆರಂಭಿಕ ಅಂಕಿಗಳ ಪ್ರಕಾರ, ಆ ಬದಲಾದ ವೈರಸ್ಸಿನ ಎದುರೂ ಲಸಿಕೆ ಮಕ್ಕಳನ್ನು ಆಸ್ಪತ್ರೆಯ ಮೆಟ್ಟಿಲು ಹತ್ತದಂತೆ ಶೇ 70ರಿಂದ 75ರಷ್ಟು ಕಾಪಾಡಿತು. ದೊಡ್ಡವರನ್ನು ಶೇ 30ರಿಂದ 40ರಷ್ಟು. ಇಂಥ ಮಧ್ಯಮ ಗುಣದ ಲಸಿಕೆಯನ್ನು ಆರಿಸಿ ಕೊಡಬೇಕು. ಮೊದಲು ಆಸ್ಪತ್ರೆ ಸಿಬ್ಬಂದಿ, ಆಂಬುಲೆನ್ಸ್ ಚಾಲಕರಿಂದ ಹಿಡಿದು ಆಶಾ ಕಾರ್ಯಕರ್ತೆಯರವರೆಗೆ. ಆಮೇಲೆ ಗರ್ಭಿಣಿಯರು. ಗರ್ಭಿಣಿಗೆ ಕೊಟ್ಟ ಲಸಿಕೆ ಹುಟ್ಟುವ ಕೂಸಿಗೂ ಮೊದಲ ಆರು ತಿಂಗಳು ಆಸರೆ, ಏಕೆಂದರೆ ಅಷ್ಟು ಚಿಕ್ಕ ಕೂಸಿಗೆ ಫ್ಲೂ ಲಸಿಕೆ ಹಾಕುವಂತಿಲ್ಲ. ತಾಯಿ ಕಾರ್ಡ್ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಗಿದ್ದರೂ ಬಂದ ಹೆಣ್ಣುಮಗಳಿಗೆ ಟಿಡಿ (ಧನುರ್ವಾಯು, ಡಿಫ್ತೀರಿಯಾ) ಚುಚ್ಚುಮದ್ದಿನ ಜೊತೆ ಇದೊಂದನ್ನು ಕೊಡಲು ಹೊಸ ವ್ಯವಸ್ಥೆಯೇನೂ ಬೇಡ. ಪಕ್ಕದ ಮಹಾರಾಷ್ಟ್ರ 2015ರ ಹೊಡೆತ ತಿಂದ ಮೇಲೆ ಗರ್ಭಿಣಿಯರಿಗೂ ಬಿಪಿ, ಸಕ್ಕರೆ ಕಾಯಿಲೆ ಇದ್ದವರಿಗೂ ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಕೊಡಲು ತೊಡಗಿತು.

ಬಿಪಿ, ಶುಗರ್ ಇರುವವರನ್ನು ಹುಡುಕುವುದು ಹೇಗೆ ಎಂಬ ಪ್ರಶ್ನೆಗೂ ನಮ್ಮಲ್ಲಿ ಉತ್ತರ ಇದೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಬಾಗಿಲಿಗೆ ಹೋಗಿ ಈ ಕಾಯಿಲೆಗಳನ್ನು ಪತ್ತೆ ಮಾಡುತ್ತಿದ್ದಾರೆ. ಅಂದರೆ ಫ್ಲೂ ಬಂದರೆ ಯಾರು ಮೊದಲು ಮಲಗುತ್ತಾರೆ ಎಂಬ ಪಟ್ಟಿ, ಹೆಸರು ಮತ್ತು ಊರಿನ ಸಮೇತ, ಸರ್ಕಾರದ ಕೈಯಲ್ಲೇ ತಯಾರಾಗುತ್ತಿದೆ. ಅದನ್ನು ಮಾತ್ರೆ ಹಂಚುವುದಕ್ಕಷ್ಟೇ ಬಳಸಿದರೆ ಅರ್ಧ ಪ್ರಯೋಜನ ನಷ್ಟ.

ಇನ್ನು ಆಸ್ಪತ್ರೆಗಳು. ತಯಾರಿ ಎಂದ ಕೂಡಲೇ ಮಂತ್ರಿಗಳ ಬಾಯಲ್ಲಿ ಬರುವುದು ಹಾಸಿಗೆಗಳ ಸಂಖ್ಯೆ. ಹಾಸಿಗೆ ಯಾರನ್ನೂ ಬದುಕಿಸುವುದಿಲ್ಲ. 2021ರ ಮೇ ಎರಡರ ರಾತ್ರಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ಸತ್ತಾಗ ಅವರೆಲ್ಲ ಹಾಸಿಗೆಯ ಮೇಲೇ ಇದ್ದರು. ಮೈಸೂರಿನಿಂದ ಬರಬೇಕಿದ್ದ ಆಮ್ಲಜನಕ ಹೊತ್ತಿಗೆ ಬರಲಿಲ್ಲ. ಅದಾದ ಮೇಲೆ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಕಡೆ ಗಾಳಿಯಿಂದಲೇ ಆಮ್ಲಜನಕ ತೆಗೆಯುವ ಪಿಎಸ್‌ಎ ಘಟಕಗಳು ಬಂದವು, ನಮ್ಮ ತಾಲ್ಲೂಕು ಆಸ್ಪತ್ರೆಗಳ ಹಿತ್ತಲಿಗೂ ಬಂದವು. ಈಗ ಕೇಳಬೇಕಾದ ಪ್ರಶ್ನೆ ಅವು ಇವೆಯೇ ಎಂದಲ್ಲ, ಕಳೆದ ತಿಂಗಳು ಎಷ್ಟು ಗಂಟೆ ಓಡಿದವು ಎಂದು. ಘಟಕದೊಳಗೆ ಗಾಳಿಯ ಸಾರಜನಕ ಹೀರಿಕೊಳ್ಳುವ ಜಿಯೋಲೈಟ್ ಹರಳು ತೇವಕ್ಕೆ ಹಾಳಾಗುತ್ತದೆ, ಕಂಪ್ರೆಸರ್‌ಗೆ ಸರ್ವೀಸ್ ಬೇಕು, ಕರೆಂಟ್ ಹೋದರೆ ಜನರೇಟರ್ ಬೇಕು. ಹೊರಬರುವ ಆಮ್ಲಜನಕ ಶೇ 90ಕ್ಕಿಂತ ಕೆಳಗಿಳಿದಿದೆಯೇ ಎಂದು ಮೀಟರ್ ನೋಡುವ ಒಬ್ಬ ಮನುಷ್ಯ ಬೇಕು, ಅವನಿಗೆ ಸಂಬಳ ಬೇಕು.

ಒಂದು ಸಣ್ಣ ಲೆಕ್ಕ ಹಾಕಿ. ವಾರ್ಡಿನಲ್ಲಿ ಕಾಣುವ ದೊಡ್ಡ ಜಂಬೋ ಸಿಲಿಂಡರ್‌ನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ ಇರುತ್ತದೆ. ಮಾಸ್ಕ್ ಹಾಕಿದ ರೋಗಿಗೆ ನಿಮಿಷಕ್ಕೆ 10 ಲೀಟರ್‌ನಂತೆ ಕೊಟ್ಟರೆ ಹನ್ನೊಂದು ತಾಸು ಚಿಲ್ಲರೆ ಬರುತ್ತದೆ. ಉಸಿರಾಟ ಬಿಗಡಾಯಿಸಿ ಮೂಗಿಗೆ ರಭಸವಾಗಿ ಆಮ್ಲಜನಕ ಹಾಯಿಸುವ ಹೈ-ಫ್ಲೋ ಯಂತ್ರ ಹಾಕಿದಿರಿ ಎನ್ನಿ, ನಿಮಿಷಕ್ಕೆ 60 ಲೀಟರ್‌ವರೆಗೂ ಹೋಗಬಹುದು. ಆಗ ಅದೇ ಸಿಲಿಂಡರ್ ಎರಡು ತಾಸು ಕೂಡ ಬಾಳುವುದಿಲ್ಲ. ಇಂಥ ನಾಲ್ಕು ರೋಗಿಗಳು ಒಂದೇ ರಾತ್ರಿ ತಾಲ್ಲೂಕು ಆಸ್ಪತ್ರೆಗೆ ಬಂದರೆ, ಬೆಳಗಾಗುವುದರೊಳಗೆ ಇಪ್ಪತ್ತಕ್ಕೂ ಹೆಚ್ಚು ಸಿಲಿಂಡರ್ ಖಾಲಿ. ಅವನ್ನು ಉರುಳಿಸಿಕೊಂಡು ಬಂದು ಜೋಡಿಸುವವರು ಯಾರು? ರಾತ್ರಿ ಪಾಳಿಯಲ್ಲಿ ಇಬ್ಬರು ನರ್ಸ್, ಒಬ್ಬ ಡಿ ಗ್ರೂಪ್ ನೌಕರ ಇದ್ದರೆ ಅದೇ ಪುಣ್ಯ.

ಜನಬಲದ ಕೊರತೆ ಫ್ಲೂ ಕಾಲದಲ್ಲಿ ಇಮ್ಮಡಿಯಾಗುತ್ತದೆ, ಏಕೆಂದರೆ ನರ್ಸುಗಳಿಗೂ ಫ್ಲೂ ಬರುತ್ತದೆ. ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬ ನರ್ಸ್ ಎಂಬುದು ನಿಯಮ. ಕೋವಿಡ್ ಕಾಲದಲ್ಲಿ ಕೊಂಡ ವೆಂಟಿಲೇಟರ್‌ಗಳು ಉಳಿದಿವೆ, ಗುತ್ತಿಗೆಯ ಮೇಲೆ ಬಂದವರು ಗುತ್ತಿಗೆ ಮುಗಿದು ಹೋದರು. ಸಿಬ್ಬಂದಿಗೆ ಏಪ್ರಿಲ್‌ನಲ್ಲಿ ಲಸಿಕೆ ಹಾಕುವುದನ್ನು ನಾನು ಮೊದಲ ಸ್ಥಾನದಲ್ಲಿ ಇಡುವುದು ಇದಕ್ಕೇ. ಅದು ಔದಾರ್ಯವಲ್ಲ, ಆಗಸ್ಟ್‌ನ ಡ್ಯೂಟಿ ಪಟ್ಟಿ ಉಳಿಸಿಕೊಳ್ಳುವ ದಾರಿ.

ಆಸ್ಪತ್ರೆ ತುಂಬದಂತೆ ನೋಡಿಕೊಳ್ಳುವ ಸಾಧನವೊಂದು ಕಾಗದದ ಮೇಲೆ ಬಹಳ ಹಿಂದಿನಿಂದ ಇದೆ. ಕೇಂದ್ರ ಆರೋಗ್ಯ ಸಚಿವಾಲಯ ಫ್ಲೂ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದೆ. ಸಣ್ಣ ಜ್ವರ, ಕೆಮ್ಮು, ಗಂಟಲು ನೋವು ಮಾತ್ರ ಇದ್ದರೆ ಎ: ಪರೀಕ್ಷೆ ಬೇಡ, ವೈರಸ್ ಮಾತ್ರೆಯೂ ಬೇಡ, ಮನೆಯಲ್ಲಿ ಇರಿ, ಒಂದೆರಡು ದಿನ ಬಿಟ್ಟು ಮತ್ತೆ ನೋಡೋಣ. ಜ್ವರ ಜೋರಾಗಿದ್ದರೆ, ಅಥವಾ ಜ್ವರ ಕಡಿಮೆ ಇದ್ದರೂ ಆ ವ್ಯಕ್ತಿ ಗರ್ಭಿಣಿ, ಐದು ವರ್ಷದೊಳಗಿನ ಮಗು, 65 ದಾಟಿದವರು, ಸಕ್ಕರೆ, ಹೃದಯ, ಶ್ವಾಸಕೋಶ, ಮೂತ್ರಪಿಂಡದ ಕಾಯಿಲೆಯವರು ಆಗಿದ್ದರೆ ಬಿ: ಪರೀಕ್ಷೆಗೆ ಕಾಯದೆ ಒಸೆಲ್ಟಮಿವಿರ್ ಎಂಬ ಫ್ಲೂ ವೈರಸ್ ತಡೆಯುವ ಮಾತ್ರೆ ಶುರು ಮಾಡಬೇಕು. ಉಸಿರಾಟ ಕಷ್ಟ, ಎದೆನೋವು, ಮಂಪರು, ಕಫದಲ್ಲಿ ರಕ್ತ, ನೀಲಿಗಟ್ಟಿದ ಉಗುರು, ಹಾಲು ಕುಡಿಯದ ಕೂಸು ಇವೆಲ್ಲ ಸಿ: ಕೂಡಲೇ ದಾಖಲು, ಆಮೇಲೆ ಪರೀಕ್ಷೆ.

ಇದರಲ್ಲಿ ಸೋಲುವುದು ಬಿ ಗುಂಪು. ಒಸೆಲ್ಟಮಿವಿರ್ ಮೊದಲ 48 ತಾಸಿನೊಳಗೆ ಕೊಟ್ಟರೆ ಹೆಚ್ಚು ಪರಿಣಾಮ. ನಮ್ಮವರು ಮೊದಲ ದಿನ ಕಷಾಯ, ಎರಡನೇ ದಿನ ಡೋಲೋ, ಮೂರನೇ ದಿನ ಡಾಕ್ಟರು, ನಾಲ್ಕನೇ ದಿನ ಡೆಂಗಿ ರಿಪೋರ್ಟು. ಐದನೇ ದಿನ ಗಂಟಲ ದ್ರವ ಪರೀಕ್ಷೆಗೆ ಹೋಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹಿಂದೆ ಈ ಮಾತ್ರೆ ಎಲ್ಲ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. 2017ರಲ್ಲಿ ನಿಯಮ ಸಡಿಲಿಸಿ ವೈದ್ಯರ ಚೀಟಿ ಇದ್ದರೆ ಸಾಮಾನ್ಯ ಮೆಡಿಕಲ್‌ಗಳಲ್ಲೂ ಕೊಡಬಹುದು ಎಂದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಜೂನ್ ಒಂದಕ್ಕೆ ಈ ಮಾತ್ರೆಯ ದಾಸ್ತಾನೂ, ಮಕ್ಕಳ ಸಿರಪ್ಪೂ, ‘ರಿಪೋರ್ಟಿಗೆ ಕಾಯಬೇಡಿ’ ಎಂಬ ಸ್ಪಷ್ಟ ಆದೇಶವೂ ಕೈಯಲ್ಲಿದ್ದರೆ ಜಿಲ್ಲಾಸ್ಪತ್ರೆಯ ಮೇಲಿನ ಭಾರ ಎಷ್ಟೋ ಇಳಿಯುತ್ತದೆ.

ಅದರ ಬದಲು ನಡೆಯುತ್ತಿರುವುದು ಅಜಿತ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್‌ನ ಹಂಚಿಕೆ. 2023ರ ಮಾರ್ಚ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘವೇ ತನ್ನ ಸದಸ್ಯರಿಗೆ, ಜ್ವರ ಮೂರು ದಿನಕ್ಕೆ ಇಳಿಯುತ್ತದೆ, ಕೆಮ್ಮು ಮೂರು ವಾರ ಎಳೆಯಬಹುದು, ಆ್ಯಂಟಿಬಯಾಟಿಕ್ ಬರೆಯಬೇಡಿ ಎಂದು ಹೇಳಬೇಕಾಯಿತು. ಇನ್ನೂ ಅಪಾಯಕಾರಿಯಾದದ್ದು ಸ್ಟೆರಾಯ್ಡ್ ಚುಚ್ಚುಮದ್ದು. ಕೋವಿಡ್‌ನಲ್ಲಿ ಆಮ್ಲಜನಕ ಬೇಕಾದ ರೋಗಿಗಳ ಜೀವವನ್ನು ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಉಳಿಸಿದ್ದು ನಿಜ. ಅದೇ ನೆನಪಿನಲ್ಲಿ ಫ್ಲೂಗೂ ಅದನ್ನೇ ಕೊಡುವ ರೂಢಿ ಬಿದ್ದಿದೆ. ಚುಚ್ಚಿದ ದಿನ ಜ್ವರ ಇಳಿದು ‘ಕೈಗುಣ ಚೆನ್ನಾಗಿದೆ’ ಅನ್ನಿಸಿಕೊಳ್ಳಬಹುದು. ಆದರೆ ಬೇರೆ ಕಾರಣ ಇಲ್ಲದೆ ಫ್ಲೂಗೆಂದೇ ಸ್ಟೆರಾಯ್ಡ್ ಕೊಡಬೇಡಿ ಎಂದೇ ಮಾರ್ಗಸೂಚಿಗಳು ಹೇಳುತ್ತವೆ. ಮನೆಯವರು ಗಮನಿಸಬೇಕಾದ ಇನ್ನೊಂದು ಸೂಚನೆ: ಇಳಿದ ಜ್ವರ ಎರಡು ಮೂರು ದಿನ ಬಿಟ್ಟು ಮರುಕಳಿಸಿದರೆ ಅದು ಫ್ಲೂ ಹಿಂದೆಯೇ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ ಇರಬಹುದು. ಆ್ಯಂಟಿಬಯಾಟಿಕ್ ನಿಜಕ್ಕೂ ಬೇಕಾಗುವುದು ಆಗ.

‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂದು ಗಾದೆ ಮಾಡಿದ ನಾವು, ನೆಗಡಿ ಜ್ವರಕ್ಕೆ ರಜೆ ಕೇಳಿದವರನ್ನು ಮಾತ್ರ ಸೋಂಬೇರಿ ಎನ್ನುತ್ತೇವೆ. ‘ಜ್ವರ ಬಂದರೆ ಮನೆಯಲ್ಲೇ ಇರಿ’ ಎಂಬ ಸಲಹೆ ಸಾಫ್ಟ್‌ವೇರ್‌ನವರಿಗೆ ಹೊಂದುತ್ತದೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರಿಗೆ ಅದು ಸಂಬಳ ಕಡಿತ. ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐನಲ್ಲಿ ಕಾಯಿಲೆ ಭತ್ಯೆ ಸಂಬಳದ ಶೇ 70ರಷ್ಟು ಸಿಗುತ್ತದೆ, ಆದರೆ ಕಾಯಿಲೆಯ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಇಲ್ಲ. ಫ್ಲೂ ಅತಿ ಹೆಚ್ಚು ಹರಡುವುದು ಆ ಮೊದಲ ದಿನಗಳಲ್ಲೇ. ಪ್ಯಾರಾಸಿಟಮಾಲ್ ನುಂಗಿ ಪಾಳಿಗೆ ಬಂದವರು ಇಡೀ ಸಾಲಿಗೆ ಹಂಚಿ ಹೋಗುತ್ತಾರೆ, ತಪ್ಪು ಅವರದ್ದಲ್ಲ. ಶಾಲೆಗಳದ್ದೂ ಇದೇ ಕಥೆ. 2025ರ ಮೇ ಕೊನೆಯಲ್ಲಿ, ಕೋವಿಡ್ ಮತ್ತೆ ಕಾಣಿಸಿಕೊಂಡಾಗ, ಜ್ವರ ಕೆಮ್ಮು ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ ಎಂದು ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿತು. ಒಳ್ಳೆಯ ಮಾತು, ಪ್ರತಿ ವರ್ಷ ಜೂನ್‌ನಲ್ಲಿ ಹೇಳಬೇಕಾದ ಮಾತು. ಆದರೆ ತಾಯಿ ತಂದೆ ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಆ ಮಗು ಯಾರ ಜೊತೆ ಇರಬೇಕು ಎಂಬುದನ್ನು ಯಾವ ಸುತ್ತೋಲೆಯೂ ಹೇಳಲಾರದು. ಪೂರ್ಣ ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿಯನ್ನಾದರೂ ಮಳೆಗಾಲದ ಮೂರು ತಿಂಗಳು ಶಾಲೆಗಳು ಬಿಡಬಹುದು. ಅದಕ್ಕೆ ಖರ್ಚಿಲ್ಲ.

ಉಳಿದದ್ದು ದುಡ್ಡು ಮತ್ತು ಕಡತದ ವಿಷಯ. ಗಂಟು ಇರುವುದು ಸರ್ಕಾರದ ಹಣಕಾಸು ವರ್ಷ ಏಪ್ರಿಲ್‌ಗೆ ಶುರುವಾಗುವುದರಲ್ಲಿ. ಬಜೆಟ್‌ನಲ್ಲಿ ಹಣ ಇಟ್ಟು, ಏಪ್ರಿಲ್‌ನಲ್ಲಿ ಮಂಜೂರಾಗಿ, ವೈದ್ಯಕೀಯ ಸರಬರಾಜು ನಿಗಮ ಟೆಂಡರ್ ಕರೆದು, ದರ ಒಪ್ಪಿ, ಲಸಿಕೆ ಜಿಲ್ಲೆ ಮುಟ್ಟುವ ಹೊತ್ತಿಗೆ ಗಣೇಶನ ಹಬ್ಬ ಬಂದಿರುತ್ತದೆ. ಒಂದೇ ಹಂಗಾಮಿಗೆ ಬಾಳುವ ಸರಕು ಹಂಗಾಮು ಮುಗಿದ ಮೇಲೆ ಬಂದು ಶೀತಲ ಪೆಟ್ಟಿಗೆಯಲ್ಲಿ ಕೂರುತ್ತದೆ. ದಕ್ಷಿಣ ಗೋಳದ ಪಾಕ ಹಿಂದಿನ ಸೆಪ್ಟೆಂಬರ್‌ನಲ್ಲೇ ಪ್ರಕಟವಾಗಿರುತ್ತದಲ್ಲ, ಟೆಂಡರ್ ನವೆಂಬರ್‌ನಲ್ಲೇ ಕರೆಯಬಹುದು. ಎರಡು ಮೂರು ವರ್ಷಕ್ಕೆ ಒಟ್ಟಿಗೆ ದರ ಒಪ್ಪಂದ ಮಾಡಿಕೊಂಡರೆ ವರ್ಷವರ್ಷದ ರಗಳೆಯೂ ತಪ್ಪುತ್ತದೆ. ಹಾಗಾದರೆ ಏಪ್ರಿಲ್‌ನಲ್ಲಿ ಸಿಬ್ಬಂದಿಗೆ, ಮೇಯಲ್ಲಿ ಗರ್ಭಿಣಿಯರಿಗೂ ಗೃಹ ಆರೋಗ್ಯದ ಪಟ್ಟಿಯಲ್ಲಿ ಇರುವ ಹಿರಿಯರಿಗೂ ಹಾಕಿ, ಶಾಲೆಗಳು ಬಾಗಿಲು ತೆರೆಯುವಷ್ಟರಲ್ಲಿ ಮುಗಿಸಬಹುದು.